ಹಲ್ಲಿನ ಸ್ಕ್ರೂ, ತಿಂಗಳ ಟಾರ್ಗೆಟ್: ಇಂಪ್ಲಾಂಟ್ ಪ್ರತಿನಿಧಿಗಳ ಬದುಕು

ಚೆನ್ನೈ: ಸಂಜೆ ಆರರ ನಂತರ ಅಣ್ಣಾನಗರ, ಅಡಯಾರ್, ವೇಲಚೇರಿ, ತಾಂಬರಂ ಕಡೆಯ ಹಲ್ಲಿನ ಕ್ಲಿನಿಕ್‌ಗಳಿಗೆ ಹೋದವರು ಇವರನ್ನು ನೋಡಿರುತ್ತಾರೆ. ರೋಗಿಗಳ ಸಾಲಿನ ಕೊನೆಯ ಕುರ್ಚಿಯಲ್ಲಿ ಇಸ್ತ್ರಿ ಹಾಕಿದ ಅಂಗಿ ತೊಟ್ಟ ಯುವಕನೋ, ದುಪಟ್ಟಾ ಸರಿಪಡಿಸಿಕೊಳ್ಳುವ ಯುವತಿಯೋ ಕುಳಿತಿರುತ್ತಾರೆ. ಮಡಿಲಲ್ಲಿ ಕಪ್ಪು ಬ್ಯಾಗು, ಕೈಯಲ್ಲಿ ಮೊಬೈಲು. ಮುಖದಲ್ಲಿ ಹಲ್ಲುನೋವಿನ ಲಕ್ಷಣವಿಲ್ಲ. ಕೊನೆಯ ರೋಗಿ ಹೊರಬರುವವರೆಗೂ ಅವರ ಸರದಿ ಬರುವುದಿಲ್ಲ. ಅವರು ಡೆಂಟಲ್ ಇಂಪ್ಲಾಂಟ್ ಕಂಪನಿಗಳ ಮಾರಾಟ ಪ್ರತಿನಿಧಿಗಳು.

ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ‘ಪ್ರತಿನಿಧಿ’ ಎಂಬ ಪದ ಈಗ ಅಪರೂಪ. ‘ಟೆರಿಟರಿ ಮ್ಯಾನೇಜರ್’, ‘ಬಿಸಿನೆಸ್ ಮ್ಯಾನೇಜರ್’ ಎಂದು ದಪ್ಪಕ್ಷರದಲ್ಲಿ ಮುದ್ರಿಸಿರುತ್ತಾರೆ. ಕೈಕೆಳಗೆ ಒಬ್ಬ ಪ್ಯೂನ್ ಕೂಡ ಇರುವುದಿಲ್ಲ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಮಗ ಮ್ಯಾನೇಜರ್ ಆದನೆಂಬ ಸಂತೋಷ. ಕಂಪನಿಗೆ ಆ ಪದದಿಂದ ಬೇರೆಯೇ ಲಾಭವಿದೆ. ಅದನ್ನು ಮುಂದೆ ನೋಡೋಣ.

ಈ ಕೆಲಸಕ್ಕೂ ಚೆನ್ನೈ ಕನ್ನಡಿಗರಿಗೂ ಹಳೆಯ ನಂಟು. ಕಡಂದಲೆ ಕೃಷ್ಣರಾಯರು ಕಟ್ಟಿದ ವುಡ್‌ಲ್ಯಾಂಡ್ಸ್ ಹೋಟೆಲುಗಳನ್ನು ಸಂಘದ ಹಿರಿಯರಿಗೆ ಪರಿಚಯಿಸಬೇಕಿಲ್ಲ. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಶುರುವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್, ಸಿನಿಮಾದವರಿಗೂ ಕಾಲೇಜು ಹುಡುಗರಿಗೂ ಹೇಗೋ ಹಾಗೆಯೇ ಮದರಾಸಿನ ಮೆಡಿಕಲ್ ರೆಪ್‌ಗಳಿಗೂ ಅಡ್ಡೆಯಾಗಿತ್ತು. ಬೆಳಗಿನ ಆಸ್ಪತ್ರೆ ಭೇಟಿ ಮುಗಿಸಿ, ಸಂಜೆ ಕ್ಲಿನಿಕ್ ತೆರೆಯುವವರೆಗೆ ಮರದ ನೆರಳಿನಲ್ಲಿ ಒಂದು ಕಾಫಿ ಹೇಳಿ ಎಷ್ಟು ಹೊತ್ತು ಕುಳಿತರೂ ಏಳಿ ಎನ್ನುವವರಿರಲಿಲ್ಲ. ದಿನದ ವರದಿ ಬರೆದದ್ದು, ಯಾವ ಕಂಪನಿಯಲ್ಲಿ ಜಾಗ ಖಾಲಿ ಎಂದು ತಿಳಿದದ್ದು, ಮ್ಯಾನೇಜರನ್ನು ಮನಸಾರೆ ಬೈದದ್ದು ಎಲ್ಲವೂ ಅಲ್ಲಿಯೇ. 2008ರಲ್ಲಿ ಅದು ಮುಚ್ಚಿತು. 2010ರಿಂದ ಅಲ್ಲಿ ಸೆಮ್ಮೊಳಿ ಪೂಂಗಾ ಇದೆ. ಉದ್ಯಾನ ಚೆನ್ನಾಗಿಯೇ ಇದೆ. ಆದರೆ ಬೇರೆ ಬೇರೆ ಕಂಪನಿಯ ನಲವತ್ತು ಜನ ಒಂದೇ ನೆರಳಿನಲ್ಲಿ ಕೂರುವ ಜಾಗ ಹೋಯಿತು. ಈಗಿನ ಪ್ರತಿನಿಧಿ ಬೈಕಿನ ಮೇಲೆ ಕುಳಿತೇ ಮೊಬೈಲಿನಲ್ಲಿ ವರದಿ ತುಂಬುತ್ತಾನೆ. ಪಕ್ಕದ ಕಂಪನಿಯವನಿಗೆ ಸಂಬಳವೆಷ್ಟು, ರಜೆಯೆಷ್ಟು ಎಂಬುದು ಅವನಿಗೆ ತಿಳಿಯುವ ದಾರಿ ಕಡಿಮೆಯಾಗಿದೆ.

ಮಾರುವ ಸರಕೂ ಬದಲಾಗಿದೆ. ಮಾತ್ರೆ, ಟಾನಿಕ್ ಮಾರಿದವರ ಮಕ್ಕಳು ಇಂದು ಟೈಟಾನಿಯಂ ಸ್ಕ್ರೂ ಮಾರುತ್ತಿದ್ದಾರೆ. ಇದರ ಮೂಲ ಸ್ವೀಡನ್ನಿನಲ್ಲಿದೆ. 1952ರಲ್ಲಿ ಪರ್-ಇಂಗ್ವರ್ ಬ್ರೊನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಕೊಳವೆ ಕೂರಿಸಿ ರಕ್ತಸಂಚಾರವನ್ನು ಅಭ್ಯಾಸ ಮಾಡುತ್ತಿದ್ದರು. ಅಭ್ಯಾಸ ಮುಗಿದ ಮೇಲೆ ಕೀಳಲು ಹೋದರೆ ಕೊಳವೆ ಬರಲಿಲ್ಲ. ಮೂಳೆ ಆ ಲೋಹವನ್ನು ತನ್ನದೇ ಎಂಬಂತೆ ಹಿಡಿದುಕೊಂಡಿತ್ತು. 1965ರಲ್ಲಿ ಗೋಸ್ತ ಲಾರ್ಸನ್ ಎಂಬಾತನ ದವಡೆಗೆ ಮೊದಲ ಬಾರಿ ಇಂತಹ ಸ್ಕ್ರೂ ಹಾಕಲಾಯಿತು. ಆತ 2006ರಲ್ಲಿ ತೀರಿಕೊಂಡಾಗಲೂ ಅವು ಗಟ್ಟಿಯಾಗಿದ್ದವು. ವೈದ್ಯಲೋಕ ನಂಬಲು ಮಾತ್ರ 1982ರ ಟೊರಾಂಟೊ ಸಮ್ಮೇಳನದವರೆಗೆ ಕಾಯಬೇಕಾಯಿತು. ಬ್ರೊನೆಮಾರ್ಕ್ ಈ ಸ್ಕ್ರೂಗಳನ್ನು ವ್ಯಾಪಾರಕ್ಕೆ ತರಲು 1978ರಲ್ಲಿ ಕೈಜೋಡಿಸಿದ್ದು ಬೋಫೋರ್ಸ್ ಕಂಪನಿಯೊಂದಿಗೆ. ಆ ಹೆಸರು ಕೇಳಿದರೆ ನಮ್ಮವರಿಗೆ ನೆನಪಾಗುವುದು ಹಲ್ಲಲ್ಲ, ತೋಪು!

ಸ್ಕ್ರೂ ಮೂಳೆಯೊಳಗೆ ಕೂರುತ್ತದೆ. ಅದರ ಮೇಲೆ ಅಬಟ್‌ಮೆಂಟ್ ಎಂಬ ಗೂಟ, ಗೂಟದ ಮೇಲೆ ಹಲ್ಲಿನ ಟೋಪಿ. ಮೂಳೆ ಕಚ್ಚಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ವ್ಯಾಪಾರದ ಗುಟ್ಟು ಇರುವುದು ಜೋಡಣೆಯಲ್ಲಿ. ಒಂದು ಕಂಪನಿಯ ಸ್ಕ್ರೂವಿಗೆ ಇನ್ನೊಂದರ ಗೂಟ, ಡ್ರೈವರ್ ಬಹುತೇಕ ಹೊಂದುವುದಿಲ್ಲ. ಆದ್ದರಿಂದ ವೈದ್ಯರ ಕೈಗೆ ತನ್ನ ಸರ್ಜಿಕಲ್ ಕಿಟ್ ಸೇರಿಸುವುದೇ ಕಂಪನಿಯ ಮೊದಲ ಗುರಿ. ಇಷ್ಟು ಇಂಪ್ಲಾಂಟ್ ಒಟ್ಟಿಗೆ ಕೊಂಡರೆ ಕಿಟ್ ಉಚಿತ ಎಂಬ ಸ್ಕೀಮು ಎಲ್ಲರಲ್ಲೂ ಇದೆ. ಕಿಟ್ ಒಳಹೊಕ್ಕ ಮೇಲೆ ವೈದ್ಯರು ಸುಲಭವಾಗಿ ಕಂಪನಿ ಬದಲಿಸುವುದಿಲ್ಲ. ಸ್ವಿಟ್ಜರ್ಲೆಂಡಿನ ದುಬಾರಿ ಸರಕು, ಕೊರಿಯಾ ಮತ್ತು ಇಸ್ರೇಲಿನ ಮಧ್ಯಮ ಬೆಲೆಯದ್ದು, ದೇಶದಲ್ಲೇ ತಯಾರಾದ ಅಗ್ಗದ್ದು ಎಲ್ಲವೂ ಒಂದೇ ಬೀದಿಯ ಕ್ಲಿನಿಕ್‌ಗಳಿಗಾಗಿ ಜಗಳವಾಡುತ್ತಿವೆ. ಜಗಳದ ಮುಂಚೂಣಿಯಲ್ಲಿರುವವರು ಈ ಬ್ಯಾಗಿನವರು.

ದಿನ ಶುರುವಾಗುವುದು ಬೆಳಗ್ಗೆ ಹೆಚ್ಚಾಗಿ ಯಾವುದಾದರೂ ಡೆಂಟಲ್ ಕಾಲೇಜಿನಲ್ಲಿ. ಫೋರ್ಟ್ ಸ್ಟೇಷನ್ ಎದುರಿನ ಸರ್ಕಾರಿ ಕಾಲೇಜಿನಿಂದ ಹಿಡಿದು ನಗರದ ಹೊರವಲಯದ ಖಾಸಗಿ ಕಾಲೇಜುಗಳವರೆಗೆ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಕಾಣಬೇಕು. ಇಂದು ವಿದ್ಯಾರ್ಥಿಯಾಗಿ ಯಾವ ಕಿಟ್‌ನಲ್ಲಿ ಕೈ ಪಳಗಿತೋ ನಾಳೆ ಸ್ವಂತ ಕ್ಲಿನಿಕ್‌ಗೂ ಅದನ್ನೇ ಕೊಳ್ಳುತ್ತಾರೆ. ಮಧ್ಯಾಹ್ನ ಬಿಸಿಲಿನಲ್ಲಿ ಅಲೆದಾಟ. ಸಂಜೆ ಆರರಿಂದ ರಾತ್ರಿ ಒಂಬತ್ತರವರೆಗೆ ಕ್ಲಿನಿಕ್ ಭೇಟಿ, ಇವರ ಭಾಷೆಯಲ್ಲಿ ‘ಕಾಲ್’. ಅದಾದ ಮೇಲೆ ಮ್ಯಾನೇಜರ್ ಜೊತೆ ಕಾನ್ಫರೆನ್ಸ್ ಕಾಲ್. ಭಾನುವಾರ ಬಿಡುವು ಎಂದುಕೊಂಡರೆ ಅಂದೇ ಯಾವುದೋ ಹೋಟೆಲಿನಲ್ಲಿ ವೈದ್ಯರಿಗೆ ತರಬೇತಿ ಶಿಬಿರ. ಕುರ್ಚಿ ತುಂಬಿಸುವ ಹೊಣೆ ಪ್ರತಿನಿಧಿಯದ್ದೇ. ಯುಗಾದಿ, ರಾಜ್ಯೋತ್ಸವ ಕಾರ್ಯಕ್ರಮಗಳಿಗೆ ಈ ಹುಡುಗರು ಬರುವುದಿಲ್ಲ ಎಂದು ಸಂಘದವರು ಆಕ್ಷೇಪಿಸುವುದುಂಟು. ಬರಲು ಅವರಿಗೆ ಭಾನುವಾರವೇ ಇರುವುದಿಲ್ಲ.

ಕನ್ನಡ ಬಲ್ಲವನಿಗೆ ಇಲ್ಲಿ ಒಂದು ಸಣ್ಣ ಅನುಕೂಲವಿದೆ. ದಾವಣಗೆರೆ, ಮಂಗಳೂರು, ಮಣಿಪಾಲ, ಬೆಂಗಳೂರಿನಲ್ಲಿ ಬಿಡಿಎಸ್ ಓದಿ ಬಂದ ತಮಿಳು ವೈದ್ಯರು ನಗರದಲ್ಲಿ ಕಡಿಮೆಯೇನಿಲ್ಲ. ‘ಊಟ ಆಯ್ತಾ ಸಾರ್’ ಎಂದರೆ ಹಾಸ್ಟೆಲ್ ದಿನಗಳು ನೆನಪಾಗಿ ಎರಡು ನಿಮಿಷ ಹೆಚ್ಚು ಸಿಗುತ್ತದೆ. ಆರ್ಡರ್ ಸಿಗುತ್ತದೆಯೇ ಎಂಬುದು ಬೇರೆ ಮಾತು.

ಮಾತ್ರೆ ಮಾರುವವನಿಗೂ ಇಂಪ್ಲಾಂಟ್ ಮಾರುವವನಿಗೂ ಇರುವ ದೊಡ್ಡ ವ್ಯತ್ಯಾಸ ಇದು: ಎರಡನೆಯವನನ್ನು ಶಸ್ತ್ರಚಿಕಿತ್ಸೆಯ ಕೋಣೆಯೊಳಕ್ಕೂ ಕರೆಯುತ್ತಾರೆ. ಹೊಸದಾಗಿ ಇಂಪ್ಲಾಂಟ್ ಹಾಕಲು ಕಲಿತ ವೈದ್ಯರು, ಕಿಟ್ ಬಲ್ಲವನು ಪಕ್ಕದಲ್ಲಿರಲಿ ಎಂದು ಬಯಸುತ್ತಾರೆ. ಯಾವ ಡ್ರಿಲ್ ನಂತರ ಯಾವುದು, ಯಾವ ಡ್ರೈವರ್ ಯಾವ ಗೂಟಕ್ಕೆ ಎಂದು ಅವನು ಎತ್ತಿಕೊಡುತ್ತಾನೆ. ಒಸಡು ಬಿಡಿಸಿದ ಮೇಲೆ ಮೂಳೆ ಅಂದುಕೊಂಡದ್ದಕ್ಕಿಂತ ಸಪೂರ ಎಂದು ಕಂಡರೆ, ಆ ಅಳತೆಯ ಸ್ಕ್ರೂ ಬ್ಯಾಗಿನಲ್ಲಿರಬೇಕು. ಇಲ್ಲವಾದರೆ ಇನ್ನೊಂದು ಕ್ಲಿನಿಕ್‌ಗೆ ಓಡಬೇಕು. ರೋಗಿ ಬಾಯಿ ತೆರೆದು ಮಲಗಿರುವಾಗ ಪೂನಮಲ್ಲಿ ಹೈರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವನ ಪಾಡು ಅವನಿಗೇ ಗೊತ್ತು.

ಅಪಾಯವೂ ಈ ಕೋಣೆಯಲ್ಲೇ ಇದೆ. ಕೆಲವೊಮ್ಮೆ ವೈದ್ಯರು ತಿರುಗಿ, ಯಾವ ಸೈಜ್ ಹಾಕೋಣ ಎಂದು ಇವನನ್ನೇ ಕೇಳುತ್ತಾರೆ. ಬಿಎಸ್ಸಿಯೋ ಬಿಕಾಮೋ ಓದಿ, ಕಂಪನಿಯಲ್ಲಿ ಕೆಲವು ವಾರ ತರಬೇತಿ ಪಡೆದವನು ದವಡೆಯ ನರ ಎಲ್ಲಿ ಹಾಯುತ್ತದೆಂದು ಹೇಳುವುದು ತರವಲ್ಲ. ತನ್ನ ಸರಕಿನ ಅಳತೆ, ಜೋಡಣೆ, ಎಷ್ಟು ಬಿಗಿ ತಿರುಗಿಸಬಹುದು ಎಂಬುದರಲ್ಲಿಗೆ ಅವನ ಮಾತು ಮುಗಿಯಬೇಕು. ನಿರ್ಧಾರ ವೈದ್ಯರದ್ದು. ಒಳ್ಳೆಯ ಕಂಪನಿಗಳು ತರಬೇತಿಯಲ್ಲಿ ಇದನ್ನೇ ಹೇಳಿಕೊಡುತ್ತವೆ. ಆದರೆ ಹಾಗೆ ಉತ್ತರಿಸಿ ವೈದ್ಯರ ಮುಖ ಚಿಕ್ಕದಾದರೆ ಆ ತಿಂಗಳ ಆರ್ಡರ್ ಹೋಗುತ್ತದೆ. ಆಗ ಮ್ಯಾನೇಜರ್ ಬೆನ್ನಿಗೆ ನಿಲ್ಲುತ್ತಾನೋ, ಟಾರ್ಗೆಟ್ ಕೇಳುತ್ತಾನೋ? ಕಂಪನಿಯ ಸಂಸ್ಕೃತಿ ಎಂದು ಹಾಲ್‌ಗಳಲ್ಲಿ ಭಾಷಣ ಮಾಡುವುದರ ನಿಜವಾದ ಪರೀಕ್ಷೆ ಅಲ್ಲಿದೆ.

ಸಂಘದ ಹಿರಿಯ ಸದಸ್ಯರು ಇಲ್ಲೊಂದು ವಿಷಯ ಗಮನಿಸಬೇಕು. ಪ್ರತಿ ಇಂಪ್ಲಾಂಟ್‌ನ ಡಬ್ಬಿಯಲ್ಲಿ ಕಂಪನಿಯ ಹೆಸರು, ಅಳತೆ, ಲಾಟ್ ನಂಬರ್ ಇರುವ ಅಂಟುಚೀಟಿ ಇರುತ್ತದೆ. ಅದರ ಒಂದು ಪ್ರತಿಯನ್ನು ರೋಗಿ ಕೇಳಿ ಪಡೆದುಕೊಳ್ಳಬೇಕು. ಎಂಟು ಹತ್ತು ವರ್ಷಗಳ ನಂತರ ಮೇಲಿನ ಗೂಟ ಸಡಿಲವಾದಾಗ, ಹಾಕಿದ ವೈದ್ಯರು ನಿವೃತ್ತರಾಗಿರಬಹುದು, ಕಂಪನಿ ಈ ಊರಿನಲ್ಲಿ ವ್ಯಾಪಾರ ನಿಲ್ಲಿಸಿರಬಹುದು. ಯಾವ ಡ್ರೈವರ್ ಹೊಂದುತ್ತದೆಂದು ಹೊಸ ವೈದ್ಯರು ಎಕ್ಸ್-ರೇ ನೋಡಿ ಊಹಿಸಬೇಕಾಗುತ್ತದೆ. ಆಗ ಅವರು ಫೋನ್ ಮಾಡುವುದು ಅನುಭವಿ ಪ್ರತಿನಿಧಿಗೆ. ಸ್ಕ್ರೂವಿನ ಎಳೆ, ತುದಿಯ ಆಕಾರ ನೋಡಿ ಇದು ಇಂತಹ ಕಂಪನಿಯ ಹಳೆಯ ಮಾದರಿ ಎಂದು ಗುರುತಿಸುವವರಿದ್ದಾರೆ. ಈ ವಿದ್ಯೆಗೆ ಸಂಬಳದ ಚೀಟಿಯಲ್ಲಿ ಕಾಲಂ ಇಲ್ಲ.

ಕಾಲಂ ಇರುವುದು ಟಾರ್ಗೆಟ್‌ಗೆ. ತಿಂಗಳಿಗೆ ಇಷ್ಟು ಇಂಪ್ಲಾಂಟ್, ಇಷ್ಟು ಹೊಸ ಕಿಟ್, ಇಷ್ಟು ವಸೂಲಿ. ವಾಟ್ಸಾಪ್ ಗುಂಪಿನಲ್ಲಿ ದಿನವೂ ರ್‍ಯಾಂಕ್ ಪಟ್ಟಿ ಬರುತ್ತದೆ. ಮೇಲಿನ ಮೂವರಿಗೆ ಚಪ್ಪಾಳೆ ಚಿತ್ರ, ಕೆಳಗಿನವರ ಹೆಸರು ಕೆಂಪು ಬಣ್ಣದಲ್ಲಿ. ಗುರಿ ಮುಟ್ಟಿದವರಿಗೆ ಇನ್ಸೆಂಟಿವ್, ವರ್ಷಾಂತ್ಯಕ್ಕೆ ವಿದೇಶ ಪ್ರವಾಸ. ಇದರಿಂದ ಉದ್ಧಾರವಾದವರೂ ಇದ್ದಾರೆ, ಅದನ್ನು ಅಲ್ಲಗಳೆಯಲಾಗದು. ಇಪ್ಪತ್ತೇಳು ಇಪ್ಪತ್ತೆಂಟರ ವಯಸ್ಸಿನಲ್ಲೇ ಕಾರು ಕೊಂಡವರಿದ್ದಾರೆ. ಆದರೆ ಈ ತಿಂಗಳು ಮುಟ್ಟಿದ ಗುರಿ ಮುಂದಿನ ತಿಂಗಳ ಆರಂಭಸ್ಥಾನವಾಗುತ್ತದೆ. ಮೇಲೇರಿದಷ್ಟೂ ಏಣಿ ಉದ್ದವಾಗುತ್ತದೆ.

ತಿಂಗಳ ಕೊನೆಯ ವಾರಕ್ಕೆ ‘ಕ್ಲೋಸಿಂಗ್’ ಎಂದು ಹೆಸರು. ಆಗ ವೈದ್ಯರಿಗೆ ಬೇಡದ ಸರಕನ್ನೂ ‘ಇರಲಿ ಸಾರ್, ಮುಂದಿನ ತಿಂಗಳು ವಾಪಸ್ ತಗೊಳ್ತೀನಿ’ ಎಂದು ಬಿಲ್ ಮಾಡಿಸುವುದುಂಟು. ಮುಂದಿನ ತಿಂಗಳು ಕಂಪನಿ ವಾಪಸ್ ಪಡೆಯುವುದಿಲ್ಲ. ಚೆಕ್ಕು ಮುಂದಿನ ತಾರೀಖಿನದ್ದು. ಅದು ಬೌನ್ಸಾದರೆ ವಸೂಲಿಯ ಹೊಣೆಯೂ ಪ್ರತಿನಿಧಿಯ ಮೇಲೆ. ಇನ್ನೂ ಕೆಲವರು ತಮ್ಮ ಕ್ರೆಡಿಟ್ ಕಾರ್ಡಿನಿಂದಲೇ ಹಣ ಕಟ್ಟಿ ಯಾರದೋ ಹೆಸರಿನಲ್ಲಿ ಸರಕು ಎತ್ತಿ ಗುರಿ ತೋರಿಸುತ್ತಾರೆ. ತಿಂಗಳಿಗೆ ಶೇಕಡ ಮೂರರ ಮೇಲೆ ಬಡ್ಡಿ ಬೀಳುವ ಕಾರ್ಡಿನಲ್ಲಿ ಸಾಲ ಮಾಡಿ, ಮುಂದಿನ ತಿಂಗಳು ಬರಬಹುದಾದ ಇನ್ಸೆಂಟಿವ್‌ಗಾಗಿ ಕಾಯುವುದು ಯಾವ ಲೆಕ್ಕದಿಂದಲೂ ವ್ಯಾಪಾರವಲ್ಲ. ಮನೆಯಲ್ಲಿ ಮಗನ ಕಾರ್ಡಿನ ಬಾಕಿ ತಿಂಗಳ ಕೊನೆಯಲ್ಲೇ ಏರುತ್ತಿದ್ದರೆ ಹಿರಿಯರು ಕೂರಿಸಿಕೊಂಡು ಕೇಳುವುದು ಒಳ್ಳೆಯದು.

ವೈದ್ಯರಿಗೆ ಉಡುಗೊರೆ ಕೊಟ್ಟು ಒಲಿಸುವ ದಾರಿ ಈಗ ಇಕ್ಕಟ್ಟಾಗಿದೆ. ಚೆನ್ನೈನ ಔಷಧ ಕಂಪನಿ ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ, ವೈದ್ಯರಿಗೆ ಕೊಟ್ಟ ಉಚಿತ ಕೊಡುಗೆಗಳ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂದು ತೀರ್ಪು ನೀಡಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರದ ಔಷಧ ಇಲಾಖೆ ವೈದ್ಯಕೀಯ ಉಪಕರಣಗಳ ಮಾರಾಟಕ್ಕೂ ಏಕರೂಪ ಸಂಹಿತೆ ಹೊರಡಿಸಿತು. ಉಡುಗೊರೆ, ಪ್ರವಾಸ, ಹೋಟೆಲ್ ವಾಸ್ತವ್ಯಕ್ಕೆ ಅದರಲ್ಲಿ ಕಡಿವಾಣವಿದೆ. ಪ್ರತಿನಿಧಿ ಮಾಡಿದ್ದಕ್ಕೆ ಕಂಪನಿಯೇ ಹೊಣೆ ಎಂದೂ ಇದೆ. ಮ್ಯಾನೇಜರ್ ಬಾಯಿಮಾತಿನಲ್ಲಿ ‘ಏನಾದರೂ ಮಾಡು’ ಎಂದಾಗ, ಮಾಡಿ ಸಿಕ್ಕಿಬೀಳುವವನು ಮಾತ್ರ ಹುಡುಗನೇ. ಅಂತಹ ಸೂಚನೆಯನ್ನು ಇ-ಮೇಲಿನಲ್ಲಿ ಕಳಿಸಿ ಎಂದು ವಿನಯದಿಂದ ಕೇಳಿದರೆ ಸಾಕು, ಅದು ಬರುವುದಿಲ್ಲ.

ಕಾನೂನಿನಲ್ಲಿ ಈ ವರ್ಗಕ್ಕೆ ಜಾಗ ಸಿಕ್ಕಿದ್ದು ಸುಲಭವಾಗಿ ಅಲ್ಲ. 1963ರಲ್ಲಿ ಹೈದರಾಬಾದಿನಲ್ಲಿ ಮೆಡಿಕಲ್ ರೆಪ್‌ಗಳ ಅಖಿಲ ಭಾರತ ಒಕ್ಕೂಟ ಹುಟ್ಟಿತು. ಅವರು ರಾಜ್ಯಸಭೆಗೆ ಸಲ್ಲಿಸಿದ ಅರ್ಜಿಯ ಮೇಲೆ 1972ರಲ್ಲಿ ಅರ್ಜಿಗಳ ಸಮಿತಿ ವರದಿ ಕೊಟ್ಟಿತು. 1976ರಲ್ಲಿ ಮಾರಾಟ ಪ್ರವರ್ತನ ನೌಕರರ ಕಾಯ್ದೆ ಬಂತು. ಮೊದಲಿಗೆ ಔಷಧ ಉದ್ಯಮಕ್ಕೆ ಮಾತ್ರ ಇತ್ತು. 2011ರಲ್ಲಿ ಇನ್ನೂ ಹಲವು ಉದ್ಯಮಗಳನ್ನು ಸೇರಿಸಿದಾಗ ‘ಶಸ್ತ್ರಚಿಕಿತ್ಸಾ ಉಪಕರಣ, ಕೃತಕ ಅಂಗ’ ಎಂಬ ಸಾಲೂ ಬಂತು. ಹಲ್ಲಿನ ಇಂಪ್ಲಾಂಟ್ ಈ ಸಾಲಿಗೇ ಸೇರುವ ಸರಕು. ಈ ನಡುವೆ 1994ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮೆಡಿಕಲ್ ರೆಪ್ ಕೈಗಾರಿಕಾ ವಿವಾದ ಕಾಯ್ದೆಯ ಮೂಲ ವ್ಯಾಖ್ಯೆಯ ಪ್ರಕಾರ ‘ಕಾರ್ಮಿಕ’ನಲ್ಲ ಎಂದು ಹೇಳಿತು. ಅಂದರೆ 1976ರ ಕಾಯ್ದೆಯೇ ಅವನಿಗಿದ್ದ ಆಸರೆ. ಆ ಪ್ರಸಿದ್ಧ ಮೊಕದ್ದಮೆಯ ಹೆಸರು ‘ಹೆಚ್.ಆರ್. ಅಡ್ಯಂತಾಯ ವಿರುದ್ಧ ಸ್ಯಾಂಡೋಜ್’. ಅಡ್ಯಂತಾಯ ಎಂದರೆ ದಕ್ಷಿಣ ಕನ್ನಡದವರ ಕಿವಿ ನಿಮಿರದೆ ಇರದು.

ಆ ಕಾಯ್ದೆ ಕೊಟ್ಟದ್ದು ಲಿಖಿತ ನೇಮಕಾತಿ ಪತ್ರ. ಹನ್ನೊಂದು ದಿನದ ದುಡಿಮೆಗೆ ಒಂದು ದಿನ ಗಳಿಕೆ ರಜೆ. ಸೇವಾವಧಿಯ ಹದಿನೆಂಟರಲ್ಲಿ ಒಂದು ಭಾಗ ಅರ್ಧ ವೇತನದ ಕಾಯಿಲೆ ರಜೆ. ವರ್ಷಕ್ಕೆ 330 ದಿನದ ಕರ್ತವ್ಯವಾದರೆ 30 ದಿನ ಗಳಿಕೆ ರಜೆ. ಮುಖ್ಯವಾಗಿ ಮ್ಯಾನೇಜರ್ ಕೆಲಸ ಮಾಡುವವರನ್ನು ಕಾಯ್ದೆ ಹೊರಗಿಟ್ಟಿತ್ತು. ವಿಸಿಟಿಂಗ್ ಕಾರ್ಡಿನ ‘ಮ್ಯಾನೇಜರ್’ ಪದದ ಲಾಭ ಯಾರಿಗೆ ಎಂಬುದು ಈಗ ತಿಳಿಯುತ್ತದೆ. ನ್ಯಾಯಾಲಯಗಳು ಹುದ್ದೆಯ ಹೆಸರಿಗಿಂತ ಮಾಡುವ ಕೆಲಸವನ್ನೇ ನೋಡುತ್ತವೆ, ನಿಜ. ಆದರೆ ನ್ಯಾಯಾಲಯದವರೆಗೆ ಹೋಗುವವರೆಷ್ಟು ಮಂದಿ?

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1976ರ ಕಾಯ್ದೆ ಅವುಗಳಲ್ಲಿ ವಿಲೀನವಾಯಿತು. ಹಳೆಯ ಕಾಯ್ದೆ ಹೋದದ್ದಕ್ಕೆ ಪ್ರತಿನಿಧಿಗಳ ಸಂಘಟನೆಗಳಿಗೆ ಅಸಮಾಧಾನವಿದೆ. ಆದರೆ ಎರಡು ಅಂಶಗಳನ್ನು ಪ್ರತಿಯೊಬ್ಬ ಪ್ರತಿನಿಧಿಯೂ ತಿಳಿದಿರಬೇಕು. ಒಂದು, ನೇಮಕಾತಿ ಪತ್ರ ಈಗ ಎಲ್ಲ ನೌಕರರಿಗೂ ಕಡ್ಡಾಯ. ಇನ್ನೊಂದು ವೇತನದ ವ್ಯಾಖ್ಯೆ. ಇದನ್ನು ಒಂದು ಲೆಕ್ಕದಿಂದ ನೋಡಬಹುದು. ತಿಂಗಳಿಗೆ 40,000 ರೂ. ಸಂಬಳ, ಅದರಲ್ಲಿ ಮೂಲ ವೇತನ 12,000 ಮಾತ್ರ, ಉಳಿದ 28,000 ಮನೆ ಬಾಡಿಗೆ, ಸಾರಿಗೆ ಮುಂತಾದ ಭತ್ಯೆ. ಇಂತಹ ಭತ್ಯೆಗಳು ಒಟ್ಟು ಮೊತ್ತದ ಅರ್ಧ ಮೀರಿದರೆ, ಮೀರಿದ ಭಾಗ ವೇತನಕ್ಕೇ ಸೇರಬೇಕೆಂಬುದು ಹೊಸ ನಿಯಮ. ಆಗ ವೇತನ 20,000 ಎಂದಾಗುತ್ತದೆ. ಏಳು ವರ್ಷ ದುಡಿದು ಬಿಟ್ಟರೆ ಗ್ರಾಚ್ಯುಟಿ 12,000ದ ಮೇಲೆ ಸುಮಾರು 48,460 ರೂ.; 20,000ದ ಮೇಲೆ ಸುಮಾರು 80,770 ರೂ. ವ್ಯತ್ಯಾಸ ಮೂವತ್ತೆರಡು ಸಾವಿರ. ಕೈಗೆ ಬರುವ ಒಟ್ಟು ಸಂಬಳವನ್ನಷ್ಟೇ ಕೇಳಿ ಮೂಲ ವೇತನ ಕೇಳದೆ ಸಹಿ ಹಾಕುವವರು ಕಳೆದುಕೊಳ್ಳುವುದು ಇದನ್ನೇ.

ಏಳು ವರ್ಷ ಒಂದೇ ಕಂಪನಿಯಲ್ಲಿ ಇರುವವರಾದರೂ ಎಷ್ಟು? ಎರಡು ಎರಡೂವರೆ ವರ್ಷಕ್ಕೆ ಬ್ಯಾಗು ಬದಲಾಗುತ್ತದೆ. ಕಾಯಂ ನೌಕರನಿಗೆ ಐದು ವರ್ಷ ತುಂಬದೆ ಗ್ರಾಚ್ಯುಟಿ ಇಲ್ಲ. ನಿಗದಿತ ಅವಧಿಯ ನೇಮಕದವರಿಗೆ ಮಾತ್ರ ಹೊಸ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಅರ್ಹತೆಯಿದೆ. ಪತ್ರದಲ್ಲಿ ತನ್ನದು ಯಾವ ಬಗೆಯ ನೇಮಕವೆಂದು ಬರೆದಿದೆ ಎಂಬುದನ್ನು ಸೇರುವಾಗಲೇ ಓದಬೇಕು. ಚೆನ್ನೈನಲ್ಲಿ ಸಲಹೆ ಬೇಕಾದವರಿಗೆ ತಮಿಳುನಾಡು ಮೆಡಿಕಲ್ ಅಂಡ್ ಸೇಲ್ಸ್ ರೆಪ್ರೆಸೆಂಟೇಟಿವ್ಸ್ ಅಸೋಸಿಯೇಷನ್ ಇದೆ. ಭಾಷೆ ತಮಿಳಾದರೂ ಸಂಬಳದ ಚೀಟಿ ಎಲ್ಲರಿಗೂ ಒಂದೇ.

ಯುವತಿಯರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಬಿಡಿಎಸ್ ಮುಗಿಸಿ ಕ್ಲಿನಿಕ್ ತೆರೆಯಲು ಬಂಡವಾಳವಿಲ್ಲದೆ ಇಂಪ್ಲಾಂಟ್ ಕಂಪನಿ ಸೇರುವ ಹೆಣ್ಣುಮಕ್ಕಳು ಹೆಚ್ಚುತ್ತಿದ್ದಾರೆ. ರಾತ್ರಿ ಒಂಬತ್ತೂವರೆಗೆ ಕೊನೆಯ ಕಾಲ್ ಮುಗಿಸಿ ಚೆಂಗಲ್ಪಟ್ಟು ಲೋಕಲ್ ಹಿಡಿಯಬೇಕು. ಮೊಬೈಲ್ ಆ್ಯಪಿನಲ್ಲಿ ಪ್ರತಿನಿಧಿ ಎಲ್ಲಿದ್ದಾರೆಂದು ನಿಮಿಷ ನಿಮಿಷ ನೋಡುವ ಕಂಪನಿಗೆ, ಅವರು ಮನೆ ಸೇರಿದರೇ ಎಂದು ಕೇಳಲು ಅದೇ ಆ್ಯಪ್ ಸಾಕು. ಕೇಳುವವರು ಕಡಿಮೆ.

ಕೆಲಸ ಬಿಡುವಾಗಿನ ಎಚ್ಚರಿಕೆಯೊಂದು ಉಳಿದಿದೆ. ಅಂತಿಮ ಲೆಕ್ಕಾಚಾರದಲ್ಲಿ ಹೆಚ್ಚು ಕಡಿತವಾಗುವುದು ಡೆಮೊ ಕಿಟ್ ಮತ್ತು ಬ್ಯಾಗಿನಲ್ಲಿದ್ದ ಸರಕಿನ ಹೆಸರಿನಲ್ಲಿ. ಶಸ್ತ್ರಚಿಕಿತ್ಸೆಯ ಗಡಿಬಿಡಿಯಲ್ಲಿ ಒಂದು ಡ್ರಿಲ್ ಯಾವುದೋ ಕ್ಲಿನಿಕ್‌ನ ಟ್ರೇಯಲ್ಲಿ ಉಳಿದಿರುತ್ತದೆ, ಒಂದು ಡ್ರೈವರ್ ಸ್ಟೆರಿಲೈಸರ್‌ನಲ್ಲಿ ಮರೆತಿರುತ್ತದೆ. ಕಂಪನಿ ಪೂರ್ತಿ ಬೆಲೆ ಹಿಡಿಯುತ್ತದೆ. ಅನುಭವಿಗಳು ರಾಜೀನಾಮೆ ಪತ್ರ ಕೊಡುವ ಮೊದಲೇ ಒಂದು ವಾರ ಎಲ್ಲ ಕ್ಲಿನಿಕ್ ಸುತ್ತಿ ಸಾಮಾನು ಒಟ್ಟುಮಾಡುತ್ತಾರೆ. ಕಿಟ್ ತೆರೆದಿಟ್ಟು ಫೋಟೊ ತೆಗೆಯುತ್ತಾರೆ. ಲಾಟ್ ನಂಬರ್ ಸಮೇತ ಎರಡು ಪ್ರತಿ ಪಟ್ಟಿ ಬರೆದು, ಒಪ್ಪಿಸಿಕೊಂಡ ಮ್ಯಾನೇಜರ್ ಸಹಿ ಹಾಕಿದ ಪ್ರತಿಯನ್ನು, ವೈದ್ಯರಿಂದ ಬರಬೇಕಾದ ಬಾಕಿಯ ಪಟ್ಟಿಯೊಂದಿಗೆ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ.